ಅಕ್ಕ ಅಲೆ ಹತ್ತಿದ್ದು

ಬೆಳಿಗ್ಗೆ ಅಕ್ಕನ ಚೀಲ ಬಿಚ್ಚಿದರೆ ಸಮುದ್ರದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಶಿಗ್ಗಾಂವದ ನಮ್ಮ ಹಿತ್ತಲಲ್ಲಿ ಅವಳ ಮೈಗಂಟುವ ಕರಿ ಅಂಗಿಯನ್ನು ಒಣಹಾಕುತ್ತಿದ್ದೆ. ಪಕ್ಕದ ಮನೆಯ ಮಮ್ತಾಜಬಿ ಗೋಡೆಯಾಚೆಯಿಂದ, "ಇದೇನ್ರಿ, ಯಾರದಿದು?" ಎಂದರು.

"ನಮ್ಮಕ್ಕಂದ್ರಿ. ಸಮುದ್ರದಾಗ ಹಲಗಿ ಮ್ಯಾಲ ನಿಂದರ್ತಾಳ," ಎಂದೆ. ನನ್ನ ದನಿಯಲ್ಲಿದ್ದದ್ದು ಹೆಮ್ಮೆಯೋ ಹುಳಿಯೋ, ನೀವೇ ಹೇಳಬೇಕು.

ಅಕ್ಕ ಗಂಡನ ಮನೆಯಲ್ಲಿ ಒಂಬತ್ತು ವರ್ಷ ಹೊಡೆತ ತಿಂದು ನನ್ನಲ್ಲಿಗೆ ಬಂದವಳು. ಲೋಟ ಬಿದ್ದ ಸದ್ದಿಗೂ ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ನಾನು ಸ್ಟೀಲಿನ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿದೆ, ಕುಕ್ಕರಿನ ಸೀಟಿ ನಿಲ್ಲಿಸಿದೆ, ನಮ್ಮ ಮನೆಯವರಿಗೆ ಮೆಲ್ಲಗೆ ಸೀನಲು ಕಲಿಸಿದೆ. ಎರಡು ವರ್ಷ ರೊಟ್ಟಿ ಮುರಿದು ಅವಳ ಬಾಯಿಗಿಟ್ಟೆ. ಅವಳಿಗೆ ನಾನೇ ಗತಿ ಎಂಬುದರಲ್ಲಿ ನನಗೊಂದು ಸುಖವೂ ಇತ್ತು. ಆಗ ಯಾರಾದರೂ ಹಾಗೆಂದಿದ್ದರೆ ಜಗಳಕ್ಕೇ ಇಳಿಯುತ್ತಿದ್ದೆ.

ಹೋದ ವರ್ಷ, ಅವಳೊಡನೆ ಮಾತಾಡಲು ಬರುತ್ತಿದ್ದ ಆಪ್ತಸಮಾಲೋಚಕಿ ಒಂದು ಸುದ್ದಿ ತಂದರು. ಇಂಥ ಹೆಣ್ಣುಮಕ್ಕಳಿಗೆ ಕರಾವಳಿಯಲ್ಲಿ ಏಳು ದಿನ ಸರ್ಫಿಂಗ್ ಕಲಿಸುತ್ತಾರಂತೆ. ಅಲೆಯ ಮೇಲೆ ಹಲಗೆ ಹತ್ತಿ ನಿಲ್ಲುತ್ತ ನಿಲ್ಲುತ್ತ ಒಳಗಿನ ಅಂಜಿಕೆ ಬಿಡುತ್ತದಂತೆ.

"ಸಣ್ಣಾಕಿದ್ದಾಗ ನಮ್ಮ ತವರೂರು ತಿಳವಳ್ಳಿ ಕೆರಿಗೆ ಇಳ್ಯಾಕ ಅಂಜತಿದ್ಲ್ರಿ ಈಕಿ," ಎಂದು ನಾನು ನಕ್ಕೆ.

ಅಕ್ಕ ನಗಲಿಲ್ಲ. "ಹೋಗ್ತೇನಿ," ಎಂದಳು. ಎರಡು ವರ್ಷದಲ್ಲಿ ಅವಳು ತಾನಾಗಿ ಬೇಕೆಂದದ್ದು ಅದೊಂದೇ.

ನಾನೂ ಜೊತೆಗೆ ಹೋದೆ. ಎಲ್ಲರ ಚಪ್ಪಲಿ ಕಾಯುತ್ತ ಮರಳಿನ ಮೇಲೆ ಕುಳಿತೆ. ಕಲಿಸುವವಳು ಮೀನುಗಾರರ ಮನೆಯ ಹುಡುಗಿ, ಇಪ್ಪತ್ತೈದು ಇದ್ದೀತು. ಅಕ್ಕ ಹಲಗೆಯಿಂದ ಬಿದ್ದಳು, ಉಪ್ಪುನೀರು ಕುಡಿದಳು, ಮತ್ತೆ ಬಿದ್ದಳು. ನಾಲ್ಕನೆಯ ದಿನ ಎದ್ದು ನಿಂತಳು, ಎರಡೇ ಕ್ಷಣ. ಮುಳುಗಿ ಮೇಲೆ ಬಂದವಳು ಬಾಯ್ತುಂಬ ನಗುತ್ತ ಆ ಹುಡುಗಿಯ ಕೊರಳಿಗೆ ಜೋತುಬಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಖುಷಿಪಡಬೇಕಿತ್ತು, ಬಲ್ಲೆ. ಆದರೆ ಯಾವುದಾದರೂ ದೊಡ್ಡ ಅಲೆ ಬಂದು ಆ ಹುಡುಗಿಯನ್ನು ಒಂದಿಷ್ಟು ದೂರ ಒಯ್ದು ಬಿಡಬಾರದೇ ಅನ್ನಿಸಿದ್ದು ನಿಜ.

ಮರಳುವಾಗ ಬಸ್ಸು ಹಾನಗಲ್ಲು ಮುಟ್ಟುವವರೆಗೂ ನಾನು ಅಕ್ಕನಿಂದ ಮುಖ ತಿರುಗಿಸಿಯೇ ಕುಳಿತಿದ್ದೆ.

"ಯಾಕ, ಸಿಟ್ಟಾಗೀಯೇನು?" ಎಂದಳು ಅಕ್ಕ.

"ಎರಡು ವರ್ಷ ನಾ ಜ್ವಾಕಿ ಮಾಡೇನಿ. ಆಕಿ ನಾಕ ದಿನದಾಗ ನಗಿಸಿಬಿಟ್ಲಲ್ಲ!"

ಅಕ್ಕ ಕಿಟಕಿಯಾಚೆ ನೋಡುತ್ತ ಹೇಳಿದಳು: "ನಾ ಎಡವಿದ್ರ ನೀ ಅಳತಿದ್ದಿ. ನಿನ್ನ ಅಳಸಬಾರದಂತ ನಾ ಏಳೂದ ಬಿಟ್ಟಿದ್ದೆ. ಆಕಿ 'ಬಿದ್ರ ಏನಾತು, ಮತ್ತ ಹತ್ರಿ' ಅಂದ್ಲು. ಅಷ್ಟ."

ಆದರೂ ನನ್ನ ಸಿಟ್ಟು ಬಹಳ ದಿನ ಇತ್ತು.

ಈ ಸಲ ಅವಳು ಒಬ್ಬಳೇ ಹೋಗಿದ್ದಳು, ಹೊಸದಾಗಿ ಬಂದ ಹೆಂಗಸರಿಗೆ ನೆರವಾಗಲು. ಈಗ ನನ್ನೆದುರು ಚಹಾ ಕುಡಿಯುತ್ತ, ಸವಣೂರಿನಿಂದ ಬಂದಿದ್ದ ಒಬ್ಬಾಕೆಯ ಸುದ್ದಿ ಹೇಳುತ್ತಿದ್ದಾಳೆ. "ಮೂರು ದಿನ ನೀರ ಮುಟ್ಟಲಿಲ್ಲ. ಆಮ್ಯಾಲ ನನ್ನ ಕೈ ಹಿಡದು ಇಳದ್ಲು."

ನಾನು ಆ ಕೈ ನೋಡಿದೆ. ಬಿಸಿಲಿಗೆ ಕಪ್ಪಾಗಿದೆ, ಬಲಿತಿದೆ. ಹೊಟ್ಟೆಯಲ್ಲಿ ಮತ್ತೆ ಅದೇ ಕಿಚ್ಚು. ಈ ಸಲ ಅದು ಅಕ್ಕನ ಮೇಲೆ.

"ಮುಂದಿನ ಸಲ ನಾನೂ ಬರ್ತೇನಿ," ಎಂದೆ.

"ನಿನಗ ಈಜಾಕ ಬರೂದಿಲ್ಲಲ್ಲ?"

"ಬರೂದಿಲ್ಲ. ನೀನ ಕಲಸು."