ಕೂತ್ಕೊಳ್ಳಿ ಮೇಷ್ಟ್ರು
ನಮ್ಮ ದಡದಿಂದ ಕಯಾಕ್ ಎಂಬ ಸಪೂರ ದೋಣಿಗಳಲ್ಲಿ ಜನರನ್ನು ಡಾಲ್ಫಿನ್ ನೋಡಲು ಕರೆದೊಯ್ಯುವವನಿಗೆ ಎಲ್ಲರೂ ಇಟ್ಟ ಹೆಸರು ಕೂತ್ಕೊಳ್ಳಿ ಮೇಷ್ಟ್ರು. ಆ ಜನರು ತೊಡುವ ಲೈಫ್ ಜಾಕೆಟ್‌ಗಳನ್ನು ತೊಳೆದು ಒಣಹಾಕುವವಳು ನಾನಾದ್ದರಿಂದ ಅವನ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಪ್ರತಿಯೊಬ್ಬರ ಜಾಕೆಟ್ಟಿನ ಪಟ್ಟಿಯನ್ನೂ ತಾನೇ ಬಿಗಿದು, ಹೆಗಲ ಹತ್ತಿರ ಹಿಡಿದು ಮೇಲಕ್ಕೆತ್ತಿ ನೋಡುತ್ತಾನೆ, ಅಂಗಡಿಯಲ್ಲಿ ಕುಂಬಳಕಾಯಿಯ ತೂಕ ನೋಡುವವರ ಹಾಗೆ. “ಮೀನು ಹಾರಿದ್ರೂ ಕೂತ್ಕೊಳ್ಳಿ, ಆಕಾಶ ಬಿದ್ರೂ ಕೂತ್ಕೊಳ್ಳಿ, ಫೋಟೊನೂ ಕೂತೇ ತೆಗೀರಿ” ಎನ್ನುತ್ತಾನೆ. ಮನೆಗೆ ಬಂದ ನೆಂಟರಿಗೂ ಅದೇ ದನಿಯಲ್ಲಿ ಕೂತ್ಕೊಳ್ಳಿ ಎನ್ನುವುದರಿಂದ, ಪಾಪ, ಅವರು ಕೈ ತೊಳೆಯಲೂ ಏಳುವುದಿಲ್ಲವೆಂದು ಅವನ ಹೆಂಡತಿ ನಗುತ್ತಾಳೆ. ನೀರಿನಲ್ಲಿ ಅವನ ದೋಣಿ ಎಲ್ಲರಿಗಿಂತ ಮುಂದೆ, ಡಾಲ್ಫಿನ್ ಬರುವಲ್ಲಿ ಅದನ್ನು ತಿರುಗಿಸಿ ನಿಲ್ಲಿಸಿದರೆ ಮುಖ ಮಾತ್ರ ಜನರ ಕಡೆಗೆ. ಡಾಲ್ಫಿನ್ ಏಳುವುದೆಲ್ಲ ಅವನ ಬೆನ್ನ ಹಿಂದೆ. “ಎಷ್ಟು ದೊಡ್ಡದಿತ್ತಲ್ವಾ ಅಣ್ಣಾ?” ಎಂದು ಯಾರಾದರೂ ಕೇಳಿದರೆ, “ನಿಮ್ಮ ಬಾಯಿ ತೆರೆದಷ್ಟು” ಎಂದು ಉತ್ತರ. ದಿನವೂ ಹೋಗುವವನು ಒಮ್ಮೆಯೂ ಹಿಂದಕ್ಕೆ ತಿರುಗುವುದಿಲ್ಲ. “ಒಂದ್ಸಲನಾದ್ರೂ ನೋಡಬಾರ್ದೇನಪ್ಪಾ?” ಎಂದು ಮೊನ್ನೆ ಕೇಳಿಯೇಬಿಟ್ಟೆ. ಒದ್ದೆ ಜಾಕೆಟ್ ಒಂದನ್ನು ಹಗ್ಗದ ಮೇಲೆ ಹರವುತ್ತ ಮೆಲ್ಲಗೆ ಹೇಳಿದ: “ನೋಡಿದೀನಜ್ಜಿ. ಚಿಕ್ಕವರಿದ್ದಾಗ, ತಂಗಿ ದೋಣಿ ನನ್ನ ಹಿಂದೇನೇ ಇತ್ತು. ಅವಳು ಖುಷಿಗೆ ಎದ್ದು ನಿಂತಿದ್ದು ನಂಗೆ ಕಾಣ್ಲಿಲ್ಲ, ನಾನು ಡಾಲ್ಫಿನ್ ನೋಡ್ತಾ ಇದ್ದೆ. ತಿರುಗಿದಾಗ ದೋಣಿ ಮಾತ್ರ ಇತ್ತು.”