ನಲವತ್ತೇಳು ಚೀಟಿಗಳು

ಆಸ್ಪತ್ರೆಯ ವಿಚಾರಣೆ ಕಿಟಕಿಯ ಹಿಂದೆ ಇಪ್ಪತ್ತೊಂಬತ್ತು ವರ್ಷ ಕೂತು ನಿವೃತ್ತಳಾದವಳನ್ನು ಬೀದಿಯವರು ಈಗಲೂ ಕಿಟಕಿ ಅಕ್ಕ ಎಂದೇ ಕರೆಯುತ್ತಾರೆ. ರಕ್ತ ಎಲ್ಲಿ ಕೊಡಬೇಕು, ಬಾಣಂತಿಯರ ವಾರ್ಡು ಯಾವ ಮಹಡಿ ಎಂದು ಕೇಳಿದವರಿಗೆಲ್ಲ ದಾರಿ ತೋರಿಸಿ ತೋರಿಸಿ ಅವಳ ಬಲಗೈ ಮಾತಿಗಿಂತ ಮೊದಲೇ ಮೇಲೇಳುತ್ತಿತ್ತು.

ಅವಳ ಜತೆಗೇ ಇದ್ದ ತಮ್ಮ ಗಡಿಯಾರ ರಿಪೇರಿಯವನು. ಐವತ್ತನಾಲ್ಕಕ್ಕೆಲ್ಲ ಅವನಿಗೆ ಕಣ್ಣು ಕೈಕೊಟ್ಟವು. ಅಕ್ಷರ ದೊಡ್ಡದು ಮಾಡಿ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವಿದೆ, ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಸೇರಿ ಕಟ್ಟಿದ್ದು, ಅದರ ಕೋಡನ್ನೂ ಯಾರಿಂದಲೂ ಮುಚ್ಚಿಟ್ಟಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ತಮ್ಮ ಅದರ ವೆಬ್‌ಸೈಟಿನ ಮುಂದೆ ಒಂದಿಡೀ ಮಧ್ಯಾಹ್ನ ಕೂತ. ಮೂಗು ಪರದೆಗೆ ತಾಗುವಷ್ಟು ಬಗ್ಗಿದರೂ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಜಾಗ ಸಿಗಲಿಲ್ಲ. ಕೊನೆಗೆ ಅಕ್ಕ ಹುಡುಕಿಕೊಟ್ಟಳು. ಅದು ಮೆನುವಿನಲ್ಲಿ 'ಯೋಜನೆ'ಯ ಒಳಗೆ, 'ಬಿಡುಗಡೆಗಳು' ಎಂಬುದರ ಒಳಗೆ, 'ಸ್ಥಿರ ಆವೃತ್ತಿ'ಯ ಕೆಳಗೆ ಅಡಗಿತ್ತು.

ಕಣ್ಣು ಕಾಣದವರಿಗೆಂದು ಮಾಡಿದ್ದನ್ನು ಕಣ್ಣಿದ್ದವರಿಗೂ ಕಾಣದ ಹಾಗೆ ಇಟ್ಟಿದ್ದೀರಿ ಎಂದು ಅವಳು ಆ ತಂಡದ ಚರ್ಚೆಯ ಪುಟದಲ್ಲಿ ಬರೆದಳು. ಉಸ್ತುವಾರಿ ನೋಡುತ್ತಿದ್ದ ಹೆಂಗಸು ಮರುದಿನವೇ ಫೋನು ಮಾಡಿದಳು.

"ನೀವು ಹೇಳೋದು ಸರಿ. ಆದ್ರೆ ಮೆನು ಕಡೆ ನೋಡೋರು ನಮ್ಮಲ್ಲಿ ಯಾರೂ ಇಲ್ಲ. ನೀವೇ ಜೋಡಿಸಿ ಕೊಡ್ತೀರಾ? ಕೋಡಿಗೆ ಹಾಕೋದು ನಾನು."

ಬಾಯಿ ಮುಚ್ಚಿಸಲು ಹೇಳಿದ ಮಾತಿರಬಹುದು. ಕಿಟಕಿ ಅಕ್ಕ ಮಾತ್ರ ಒಪ್ಪಿಕೊಂಡುಬಿಟ್ಟಳು.

ಮೆನುವಿನಲ್ಲಿದ್ದದ್ದು ನಲವತ್ತೇಳು ಹೆಸರು. ಒಂದೊಂದನ್ನೂ ಒಂದೊಂದು ಚೀಟಿಯಲ್ಲಿ ಬರೆದು ಊಟದ ಮೇಜಿನ ಮೇಲೆ ಹರಡಿದಳು. ದರ್ಜಿ, ಅಂಚೆಯವನು, ತಮ್ಮನ ಹೆಂಡತಿ ಹೀಗೆ ಹನ್ನೆರಡು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಒಂದಕ್ಕೊಂದು ಸೇರುವುದನ್ನು ಗುಡ್ಡೆ ಹಾಕಿ ಎಂದಳು. 'ಕೊಡುಗೆ' ಎಂಬ ಚೀಟಿ ಹಿಡಿದು ದರ್ಜಿ, ಏನು ಕೊಡ್ತಾರಂತೆ ಎಂದು ಆಸೆಯಿಂದ ಕೇಳಿದ. ಕೊಡಬೇಕಾದವರು ನಾವೇ ಎಂದಾಗ ಅದನ್ನು ಮೆಲ್ಲಗೆ ಕೆಳಗಿಟ್ಟ. ತಮ್ಮನ ಹೆಂಡತಿ ಹತ್ತೊಂಬತ್ತು ಚೀಟಿಗಳನ್ನು 'ತಲೆಬುಡ ತಿಳಿಯದ್ದು' ಎಂದು ಒಂದೇ ಗುಡ್ಡೆ ಮಾಡಿ ಅಡುಗೆಮನೆಗೆ ಎದ್ದುಹೋದಳು.

ಇಷ್ಟು ಹೆಸರು ಬಂದದ್ದು ಹೇಗೆ ಎಂಬುದು ಉಸ್ತುವಾರಿಯವಳ ಮಾತಿನಿಂದ ತಿಳಿಯಿತು. ತಂಡದೊಳಗಿನ ಒಂದೊಂದು ಗುಂಪಿಗೂ ಮೇಲಿನ ಮೆನುವಿನಲ್ಲಿ ತನ್ನದೊಂದು ಹೆಸರು ಬೇಕಿತ್ತು. ಮನಸ್ತಾಪ ಬೇಡವೆಂದು ಎಲ್ಲರಿಗೂ ಕೊಟ್ಟಿದ್ದರು. ಕಿಟಕಿ ಅಕ್ಕನಿಗೆ ಇದೇನೂ ಹೊಸದಲ್ಲ. ಆಸ್ಪತ್ರೆಯ ಬೋರ್ಡುಗಳೂ ರೋಗಿಗಳಿಗಿಂತ ಹೆಚ್ಚಾಗಿ ದೊಡ್ಡ ಡಾಕ್ಟರುಗಳ ಮರ್ಜಿಗೆ ತಕ್ಕಂತೆ ಇದ್ದವು.

ಮೇಲೆ ಐದೇ ಹೆಸರು ಸಾಕು ಎಂದು ಅವಳು ಬರೆದು ಕಳಿಸಿದಳು: ಇದೇನು, ಇಳಿಸಿಕೊಳ್ಳಿ, ಕಲಿಯಿರಿ, ಸಹಾಯ, ಕೈಜೋಡಿಸಿ. ಮಿಕ್ಕದ್ದೆಲ್ಲ, ಭಾಷೆಗಳ ಪಟ್ಟಿಯೂ ಸೇರಿ, ಪುಟದ ತಳಕ್ಕೆ. ಅನುವಾದಕರ ಗುಂಪಿನ ಹಿರಿಯನಿಗೆ ಇದು ಚುಚ್ಚಿತು. ಒಂಬತ್ತು ವರ್ಷ ಮೂವತ್ತು ಭಾಷೆಗೆ ತಂದ ದುಡಿಮೆಯನ್ನು ಕಾಲಡಿ ಹಾಕುತ್ತೀರಾ ಎಂದು ಎಲ್ಲರೆದುರೇ ಬರೆದ. ಅವಳೂ ಬಿಟ್ಟುಕೊಡಲಿಲ್ಲ. ಬಂದವರು ಬರುವುದು ತಮ್ಮ ಕೆಲಸಕ್ಕೆ, ನಮ್ಮ ದುಡಿಮೆ ನೋಡುವುದಕ್ಕಲ್ಲ ಎಂದು ಉತ್ತರಿಸಿದಳು. ಮೂರು ವಾರದ ಮೇಲೆ ಒಂದು ದಿನ ಅವನೇ ಫೋನು ಮಾಡಿದ.

"ನನ್ನ ಗುಂಪಿನ ಮಾತು ಬಿಡಿ ಮೇಡಂ. ಆ ಪುಟದ ಭಾಷೇನೇ ಬರದವರು ತಮ್ಮ ಭಾಷೆ ಸಿಗುತ್ತೆ ಅಂತ ತಳದವರೆಗೆ ಯಾಕೆ ಹೋಗ್ತಾರೆ? ಮೇಲೇ ನೋಡಿ ವಾಪಸ್ ಹೋಗ್ತಾರೆ."

ಆಸ್ಪತ್ರೆಯಲ್ಲಿ ಓದಲು ಬಾರದ ಬೋರ್ಡಿನ ಕೆಳಗೆ ನಿಂತೇ ಇರುತ್ತಿದ್ದ ಜನರನ್ನು ಅವಳು ದಿನಾ ನೋಡಿದ್ದಳು. ಅಂಥವರು ಕಿಟಕಿಯತ್ತ ಬರುತ್ತಲೂ ಇರಲಿಲ್ಲ. ಅವಳೇ ಎದ್ದುಹೋಗಿ ಕರೆಯಬೇಕಿತ್ತು.

"ನಂದೇ ತಪ್ಪು," ಎಂದಳು. "ಭಾಷೆ ಮೇಲೇ ಇರಲಿ."

ಹಾಗೆ ಐದು ಆರಾಯಿತು. ಹೊಸ ಮೆನು ಬಂದ ಮೇಲೆ, ಎಲ್ಲಿ ಇಳಿಸಿಕೊಳ್ಳುವುದು ಎಂದು ಕೇಳುವವರು ವಾರಕ್ಕೆ ಎಂಟು ಹತ್ತು ಜನ ಇದ್ದದ್ದು ಒಬ್ಬಿಬ್ಬರಿಗೆ ಇಳಿಯಿತು. ತಮ್ಮನಿಗೆ ಇದರಿಂದ ಹೊಸದಾಗಿ ಆದದ್ದೇನೂ ಇಲ್ಲ. ಅವನ ಕಂಪ್ಯೂಟರಿನಲ್ಲಿ ತಂತ್ರಾಂಶ ಆಗಲೇ ಇತ್ತು. ಅನುವಾದಕ ಈಗ ಹೊಸ ಪುಟ ಬರೆದಾಗಲೆಲ್ಲ ಹೆಸರಿಡುವ ಮುಂಚೆ ಅವಳನ್ನು ಒಂದು ಮಾತು ಕೇಳುತ್ತಾನೆ. ಮೊನ್ನೆ ಇನ್ನೊಂದು ಗುಂಪಿನವರು ಮೇಲೆ ಏಳನೆಯ ಹೆಸರು ಬೇಕೆಂದು ಬರೆದಿದ್ದಾರೆ. ಮೊದಲು ಹನ್ನೆರಡು ಜನರಿಗೆ ತೋರಿಸಿ ಬನ್ನಿ ಎಂದು ಅವಳು ಉತ್ತರ ಕಳಿಸಿದ್ದಾಳೆ.