ಹೆಬ್ಬೆರಳಿನ ಹೊಲಿಗೆ

ಆ ಓಣಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವಳು ಕತ್ತರಿ ಅಕ್ಕ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮದುವೆಯಾಗಿ ಬಂದ ವರ್ಷವೇ ಮನೆಯಿಂದ ನೂರು ಹೆಜ್ಜೆ ದೂರದ ಕೈಗವಸಿನ ಕಾರ್ಖಾನೆಗೆ ಹೊಲಿಯಲು ಸೇರಿದಳು. ಮೂರು ವರ್ಷಕ್ಕೆ ಸೂಜಿ ಬಿಟ್ಟು ಕತ್ತರಿ ಹಿಡಿದಳು. ತೊಗಲನ್ನು ಮೇಜಿನ ಮೇಲೆ ಹರಡಿ ಒಮ್ಮೆ ಅಂಗೈಯಿಂದ ಸವರಿದರೆ ಸಾಕು, ಎಲ್ಲಿ ಹಿಗ್ಗುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ಹೇಳಿಬಿಡುವಳು. ಅವಳು ಕತ್ತರಿಸಿ ಬಿಟ್ಟ ಚೂರಿನಲ್ಲಿ ಇರುವೆಗೂ ಒಂದು ಅಂಗಿಯಾಗದು ಎಂದು ಹೊಲಿಗೆಯ ಹೆಂಗಸರು ನಗುತ್ತಿದ್ದರು.

ಅಲ್ಲಿದ್ದ ಇಪ್ಪತ್ತಾರು ಜನ ಹೊಲಿಯುತ್ತಿದ್ದುದು ತೋಟದ ಕೆಲಸದ ಗವಸು. ಅಷ್ಟೂ ಹೋಗುತ್ತಿದ್ದುದು ಒಂದೇ ದೇಶಕ್ಕೆ. ಒಂದು ಸೋಮವಾರ ಆ ದೇಶದವರು ಹೊರಗಿನಿಂದ ಬರುವ ತೊಗಲಿನ ಸಾಮಾನಿಗೆ ಸುಂಕ ಏರಿಸಿದರು. ಬುಧವಾರದ ಹೊತ್ತಿಗೆ ಅಲ್ಲಿನ ವ್ಯಾಪಾರಿ ‘ಸದ್ಯಕ್ಕೆ ಬೇಡ’ ಎಂದು ಬರೆದ. ಕಟ್ಟಿಟ್ಟ ಪೆಟ್ಟಿಗೆಗಳು ಬಾಗಿಲಿನವರೆಗೂ ಸಾಲುಗಟ್ಟಿದವು. ಕಾರ್ಖಾನೆಯ ಯಜಮಾನರು ತಲೆ ಮೇಲೆ ಕೈಹೊತ್ತು ಕೂತರು.

“ಇನ್ನೇನಮ್ಮ, ಬಾಗಿಲು ಹಾಕೋದೇ.”

“ಬಾಗಿಲು ಹಾಕೋದೇನು, ಒಂದು ನಿಮಿಷದ ಕೆಲಸ,” ಎಂದಳು ಅಕ್ಕ. “ಪೇಪರ್‌ನಲ್ಲಿ ಬಂದಿದೆ ನೋಡಿ. ಹೀಗೆ ಸುಂಕದ ಪೆಟ್ಟು ತಿಂದೋರಿಗೆ ಸರ್ಕಾರದೋರು ಸಹಾಯ ಮಾಡ್ತಾರಂತೆ. ಹೋಗಿ ಕೇಳೋಣ.”

“ಸರ್ಕಾರದ ಕೆಲಸ ಗೊತ್ತಲ್ಲ? ಚಪ್ಪಲಿ ಸವೆದು ಹೋಗುತ್ತೆ.”

“ಸವೀಲಿ ಬಿಡಿ. ತೊಗಲಿಗೆ ನಮಗೇನು ಬರವೇ?”

ಯಜಮಾನರಿಗೆ ನಗದೆ ವಿಧಿಯಿರಲಿಲ್ಲ. ಇಬ್ಬರೂ ಸರ್ಕಾರಿ ಕಚೇರಿಗೆ ಮೂರು ಸಲ ಅಲೆದರು; ಒಮ್ಮೆ ಒಂದು ಸೀಲಿಲ್ಲ, ಇನ್ನೊಮ್ಮೆ ಒಂದು ಸಹಿಯಿಲ್ಲ. ಮೂರನೆಯ ಸಲ ಕನ್ನಡಕದ ಅಧಿಕಾರಿಣಿಯೊಬ್ಬರು ಕಾಗದಗಳನ್ನು ಪಕ್ಕಕ್ಕಿಟ್ಟು ನೇರವಾಗಿ ಹೇಳಿದರು: “ತೋಟದ ಗವಸಿಗೆ ಬೇರೆ ಕಡೆ ಗಿರಾಕಿ ಇಲ್ಲ. ವೆಲ್ಡಿಂಗ್ ಗವಸು ಕೇಳೋ ದೇಶಗಳಿವೆ. ಆದರೆ ಬೆಂಕಿಯ ಪರೀಕ್ಷೆ ಪಾಸಾಗ್ಬೇಕು. ಪರೀಕ್ಷೆಯ ಖರ್ಚು ನಮ್ಮದು, ಕಲಿಸೋಕೆ ಇಂಜಿನಿಯರ್‌ನ ಕಳಿಸ್ತೀವಿ, ಗಿರಾಕಿಗಳನ್ನೂ ಪರಿಚಯ ಮಾಡಿಸ್ತೀವಿ. ಮಾಡೋ ಕೈ ಮಾತ್ರ ನಿಮ್ಮದೇ.”

ಇಂಜಿನಿಯರ್ ಬಂದ, ದಪ್ಪ ತೊಗಲು ಬಂತು, ಬೆಂಕಿ ತಡೆಯುವ ದಾರವೂ ಬಂತು. ಆದರೂ ಮೊದಲ ಗವಸುಗಳು ಲ್ಯಾಬಿನಲ್ಲಿ ಫೇಲಾದವು. ಹೆಬ್ಬೆರಳಿನ ಬುಡದಲ್ಲಿ ಹೊಲಿಗೆ ಸುಟ್ಟು ಬಾಯಿಬಿಟ್ಟಿತ್ತು. ಇನ್ನೂ ಗಟ್ಟಿ ದಾರ ಹುಡುಕಬೇಕು ಎಂದ ಇಂಜಿನಿಯರ್. ಅಕ್ಕ ಅದೇ ಬಗೆಯ ಒಂದು ಜೊತೆಯನ್ನು ಮನೆಗೆ ತಂದು ಗಂಡನ ಕೈಗೆ ಕೊಟ್ಟಳು. ಅವನು ಗೇಟು, ಕಿಟಕಿ ಮಾಡುವ ವೆಲ್ಡರ್. ಮೂರು ದಿನ ತೊಟ್ಟು ಕೆಲಸ ಮಾಡಿ ಬಂದು ಹೇಳಿದ:

“ತಪ್ಪು ದಾರದ್ದಲ್ಲ ಕಣೆ, ಜಾಗದ್ದು. ಕಿಡಿ ಬಿದ್ದು ಕೂರೋ ಕಡೆಗೇ ಹೊಲಿಗೆ ಇಟ್ಟಿದ್ದೀಯ.”

“ಇಷ್ಟು ವರ್ಷ ಕೈ ಸುಟ್ಕೊಂಡು ಬಂದ್ರಲ್ಲ, ಒಂದು ದಿನಾನಾದ್ರೂ ಹೇಳಿದ್ರಾ?”

“ನೀನು ಕೇಳಿದ್ಯಾ?”

ಒಳಗಿನಿಂದ ಅತ್ತೆ ಕೂಗಿದರು: “ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಿದ್ರು. ಇವರಿಗೆ ಸರ್ಕಾರಾನೇ ಬೇಕಾಯ್ತು!”

ಮರುದಿನದಿಂದ ಅಕ್ಕ ಹಳೆ ಪೇಪರ್ ಕತ್ತರಿಸಲು ಕೂತಳು. ಹೆಬ್ಬೆರಳನ್ನೂ ಅಂಗೈಯನ್ನೂ ಬೇರೆಬೇರೆ ತುಂಡಾಗಿಸದೆ ಒಂದೇ ತುಂಡಿನಲ್ಲಿ ತೆಗೆದು, ಹೊಲಿಗೆಯನ್ನು ಕಿಡಿ ತಾಗದ ಒಳಮಗ್ಗುಲಿಗೆ ಸರಿಸಿದಳು. ಮಿಕ್ಕ ಹೊಲಿಗೆಗಳಲ್ಲಿ ದಾರವನ್ನು ಮರೆಮಾಡುವಂತೆ ಮೆತ್ತನೆಯ ತೊಗಲಿನ ಸಣ್ಣ ಪಟ್ಟಿ ಸೇರಿಸಿದಳು. ಕಿಡಿ ಬಿದ್ದರೆ ಮೊದಲು ಪಟ್ಟಿ ಸುಡಬೇಕು, ಆಮೇಲೆ ದಾರ. ಹೀಗಾದರೆ ತೊಗಲು ಜಾಸ್ತಿ ಹಿಡಿಯುತ್ತದೆ ಎಂದು ಇಂಜಿನಿಯರ್ ರಾಗ ಎಳೆದ. ಅವಳು ತುಂಡುಗಳನ್ನು ಓರೆಯಾಗಿ, ಒಂದರ ಬಗಲಲ್ಲಿ ಒಂದು ಮಲಗಿಸಿ ತೋರಿಸಿದಳು. ಹಿಂದಿನಷ್ಟೇ ತೊಗಲು! ಅವನು ತನ್ನ ಸ್ಕೇಲನ್ನು ಜೇಬಿಗೆ ಹಾಕಿಕೊಂಡು, “ಅಕ್ಕಾ, ಇನ್ನು ನೀವು ಹೇಳಿ, ನಾನು ಬರ್ಕೋತೀನಿ,” ಎಂದ.

ಎರಡನೆಯ ಸಲ ಗವಸು ಪಾಸಾಯಿತು. ಎರಡು ಹೊಸ ದೇಶಗಳಿಂದ ಆರ್ಡರ್ ಬಂತು. ಇಪ್ಪತ್ತಾರರಲ್ಲಿ ಒಬ್ಬರೂ ಕೆಲಸ ಕಳೆದುಕೊಳ್ಳಲಿಲ್ಲ. ಕಚೇರಿಗೆ ಕಳಿಸುವ ವರದಿಯಲ್ಲಿ ವಿನ್ಯಾಸ ಮಾಡಿದವರ ಹೆಸರು ಕೇಳಿದ್ದರು. ಯಜಮಾನರೇ ಮುಂದೆ ಬಂದು ಅವಳ ಹೆಸರು ಬರೆಸಿದರು. ವಿದ್ಯಾರ್ಹತೆಯ ಜಾಗ ಬಂದಾಗ ಇಂಜಿನಿಯರ್ ಪೆನ್ನು ತಡೆದ.

“ಏಳನೇ ಕ್ಲಾಸು. ಹಾಗೇ ಬರೀರಿ,” ಎಂದಳು ಅಕ್ಕ, ತಲೆ ಎತ್ತಿಯೇ.

ತಿಂಗಳು ಕಳೆದ ಮೇಲೆ ಕಚೇರಿಯಿಂದ ಕರೆ ಬಂತು: ಸುಂಕದ ಹೊಡೆತಕ್ಕೆ ಸಿಕ್ಕಿದ ಬೇರೆ ಕಾರ್ಖಾನೆಗಳವರಿಗೆ ಅವಳು ಕಲಿಸಬೇಕು. “ನಮ್ಮ ಗುಟ್ಟು ಅವರಿಗ್ಯಾಕಮ್ಮ?” ಎಂದು ಯಜಮಾನರು ಮುಖ ಸಿಂಡರಿಸಿದರು.

“ದೊಡ್ಡ ಆರ್ಡರ್ ಬಂದ್ರೆ ನಾವೊಬ್ರೇ ಹೊಲಿಯೋಕಾಗುತ್ತಾ? ಅವರೂ ಬದುಕ್ಲಿ ಬಿಡಿ.”

ಕಚೇರಿಯ ಹಾಲಿನಲ್ಲಿ ನಲವತ್ತು ಜನ. ಯಾರೋ “ಮೇಡಂ” ಎಂದರೆ ಅವಳು ಹಿಂದೆ ತಿರುಗಿ ನೋಡಿದಳು. ಹಿಂದೆ ಬರೀ ಗೋಡೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ತೊಗಲು ಹರಡಿ, ಅಂಗೈಯೂರಿ, “ಮೊದಲು ಎಲ್ರೂ ಮುಟ್ಟಿ ನೋಡಿ,” ಎಂದು ಶುರುಮಾಡಿದಳು. ಹಟ ಮಾಡಿ ಜೊತೆಗೆ ಬಂದಿದ್ದ ಅತ್ತೆ ಮುಂದಿನ ಸಾಲಿನಲ್ಲಿ ಕೂತು ಪಕ್ಕದವರಿಗೆ ಹೇಳುತ್ತಿದ್ದರು: “ನಮ್ಮ ಸೊಸೆ. ಬೆಳಗ್ಗೆ ತಾನೆ ನನ್ನ ಹತ್ರ ಬೈಸ್ಕೊಂಡು ಬಂದಿದ್ದಾಳೆ. ಈಗ ನೋಡಿ, ಹೇಗೆ ನಿಂತಿದ್ದಾಳೆ!”